ದಿನಕ್ಕೆ ಎಷ್ಟು ಮಿರ್ಚಿ?

ಈ ಸಲ ಗವಿಮಠದ ಜಾತ್ರೆಗೆಂದು ಕೊಪ್ಪಳಕ್ಕೆ ಹೋಗಿದ್ದೆ. ದಾಸೋಹದಲ್ಲಿ ಊಟಕ್ಕೆ ಕೂತಾಗ ಪಕ್ಕದ ಹಿರಿಯರೊಬ್ಬರು ನನ್ನನ್ನು ತೋರಿಸಿ, ‘ಇವರು ಅಮೆರಿಕಾದಾಗ ಏನ್ ಮಾಡ್ತಾರ?’ ಎಂದು ಮಾಮಾನ್ನ ಕೇಳಿದರು. ಮಾಮಾ ಅಂದರೆ ನನ್ನ ಅಕ್ಕನ ಗಂಡ. ರೊಟ್ಟಿ ಮುರಿಯುತ್ತಲೇ ಹೇಳಿದರು: ‘ವಕೀಲಿಕಿ ರೀ. ಕೆಲಸ ಕಳ್ಕೊಂಡವರು ಕೋರ್ಟಿಗೆ ಹೋದ್ರ ಇವ ಕಂಪನಿ ಕಡಿಗೆ ನಿಲ್ತಾನ.’

ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಮಾಮಾನನ್ನು ಒಂದು ಕಾರ್ಖಾನೆ ಕೆಲಸದಿಂದ ತೆಗೆದು ಒಂಬತ್ತು ವರ್ಷವಾಯಿತು. ಕೇಸು ಇನ್ನೂ ನಡೆದಿದೆ. ತಟ್ಟೆಯಲ್ಲಿದ್ದ ಮಿರ್ಚಿ ಅವತ್ತು ನನಗೆ ಬೇರೆ ಥರವೇ ಖಾರ ಹತ್ತಿತು.

ಹೇಳಿದ್ದು ಸುಳ್ಳೇನಲ್ಲ. ಕೊಪ್ಪಳದ ಕೋರ್ಟಿನಲ್ಲಿ ನಾಲ್ಕು ವರ್ಷ ಜೂನಿಯರ್ ಆಗಿ ಕರಿ ಕೋಟು ತೊಟ್ಟು ಬೆವತು, ಆಮೇಲೆ ಕ್ಯಾಲಿಫೋರ್ನಿಯಾದ ಬಾರ್ ಪರೀಕ್ಷೆ ಪಾಸು ಮಾಡಿ, ಹನ್ನೊಂದು ವರ್ಷದಿಂದ ಅಲ್ಲಿ ಮಾಲೀಕರ ಪರ ವಕೀಲ. ವಯಸ್ಸು, ಬಣ್ಣ, ಬಸಿರು ನೋಡಿ ಕೆಲಸದಿಂದ ತೆಗೆದರು, ಓವರ್‌ಟೈಮ್ ಕೊಡಲಿಲ್ಲ, ಮೇಲಧಿಕಾರಿ ಕಿರುಕುಳ ಕೊಟ್ಟ ಎಂಬ ದಾವೆಗಳಿಗೆ ಉತ್ತರ ಕೊಡುವುದು ನನ್ನ ಕೆಲಸ. ನಡುನಡುವೆ ಅಂಗಡಿಯ ಒದ್ದೆ ನೆಲದಲ್ಲಿ ಜಾರಿ ಬಿದ್ದವರ ಸಿವಿಲ್ ದಾವೆಗಳೂ ಬರುತ್ತವೆ.

ಊರಲ್ಲಿ ಪ್ರತಿವಾದಿಯ ಪರ ನಿಲ್ಲುವುದನ್ನು ನನಗೆ ಕಲಿಸಿದ ಸೀನಿಯರ್ ಬಳ್ಳಾರಿ ಕಡೆಯವರು. ಬಳ್ಳಾರಿ ರಾಘವರ ಭಕ್ತರು. ಹಗಲು ವಕೀಲಿಕೆ, ರಾತ್ರಿ ರಂಗ ಎರಡನ್ನೂ ಆಳಿದ ರಾಘವರ (1880–1946) ಮಾತೆತ್ತಿದರೆ ಅವರಿಗೆ ಚಹಾ ಆರಿದ್ದೂ ತಿಳಿಯುತ್ತಿರಲಿಲ್ಲ. ಅವರು ಕಲಿಸಿದ ಪಾಠ ಎರಡೇ. ಒಂದು, ‘ಕಾಗದ ನಿನ್ನ ಚೀಲದಾಗ ಇರಬೇಕು, ಪಾಟೀಸವಾಲಿನಾಗ ತಗೀಬೇಕು.’ ಇನ್ನೊಂದು, ‘ಪ್ರತಿವಾದಿಗೆ ವಾಯಿದೇನ ದೇವರು.’ ಸಿವಿಲ್ ಪ್ರೊಸೀಜರ್ ಕೋಡಿನ 17ನೇ ಆದೇಶ ವಿಚಾರಣೆಯ ಹೊತ್ತಿಗೆ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಬಾರದು ಅನ್ನುತ್ತದೆ. ಮೂರನೆಯದು ಮುಗಿದ ಮೇಲೆ ನಾವು ನಾಲ್ಕನೆಯದನ್ನು ಕೇಳುತ್ತಿದ್ದ ರೀತಿಯಲ್ಲಿ ಸ್ವಲ್ಪ ವಿನಯ ಹೆಚ್ಚಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಅಮೆರಿಕದಲ್ಲಿ ಚೀಲ ಬಚ್ಚಿಡುವಂತಿಲ್ಲ. ವಿಚಾರಣೆ ಶುರುವಾಗುವ ಎಷ್ಟೋ ತಿಂಗಳು ಮೊದಲೇ ಇಬ್ಬರೂ ತಮ್ಮ ಕಾಗದಗಳನ್ನು ಎದುರಿನವರಿಗೆ ಒಪ್ಪಿಸಬೇಕು. ಅದಕ್ಕೆ ಡಿಸ್ಕವರಿ ಎನ್ನುತ್ತಾರೆ. ಆಮೇಲೆ ಡೆಪೊಸಿಷನ್: ಜಡ್ಜ್ ಇಲ್ಲದ ಒಂದು ಕೋಣೆ, ಉದ್ದ ಮೇಜು, ಪ್ರಮಾಣ ಮಾಡಿಸಿ ಪ್ರತಿ ಮಾತನ್ನೂ ಟೈಪು ಮಾಡುವ ರಿಪೋರ್ಟರ್. ಫೆಡರಲ್ ಕೋರ್ಟಿನ ನಿಯಮದಂತೆ ಒಬ್ಬ ಸಾಕ್ಷಿಯನ್ನು ಒಂದು ದಿನ, ಏಳು ತಾಸು ಪ್ರಶ್ನೆ ಕೇಳಬಹುದು. ಮ್ಯಾನೇಜರನಾದರೂ ಸರಿ, ಮಾಲೀಕನಾದರೂ ಸರಿ, ಗುಡಿಸುವವಳ ವಕೀಲನ ಎದುರು ಕೂತು ಉತ್ತರಿಸಲೇಬೇಕು. ಮೊದಲ ಸಲ ಅದನ್ನು ನೋಡಿದಾಗ, ಹೆಣೆದ ಬುಟ್ಟಿಯನ್ನು ಬಿಚ್ಚಿ ಕಡ್ಡಿ ಎಣಿಸುತ್ತಿದ್ದಾರೆ ಅನ್ನಿಸಿತ್ತು.

ಒಂದು ಸಲ ನನ್ನ ಕಕ್ಷಿದಾರ ಕಂಪನಿಯ ಸಾವಿರಾರು ಇಮೇಲ್ ಜಾಲಾಡುವಾಗ ಮ್ಯಾನೇಜರನೊಬ್ಬ ಬರೆದ ಎರಡು ಸಾಲು ಕಣ್ಣಿಗೆ ಬಿತ್ತು: ಈ ಮುದುಕನಿಗೆ ಇಷ್ಟು ಸಂಬಳ ಯಾಕೆ, ಇದೇ ದುಡ್ಡಿಗೆ ಹುಡುಗರು ಇಬ್ಬರು ಬರುತ್ತಾರೆ. ಆ ‘ಮುದುಕ’ನಿಗೆ ಐವತ್ತಾರು. ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ತೆಗೆಯುವುದನ್ನು 1967ರ ಫೆಡರಲ್ ಕಾನೂನು ತಡೆಯುತ್ತದೆ. ಊರಿನ ನನ್ನ ಸೀನಿಯರ್ ಆಗಿದ್ದರೆ ಆ ಹಾಳೆ ಯಾವುದೋ ಕಪಾಟಿನಲ್ಲಿ ನೆಮ್ಮದಿಯಾಗಿ ಮಲಗಿರುತ್ತಿತ್ತು. ನಾನು ಅದಕ್ಕೆ ನಂಬರು ಹಾಕಿ, ನನ್ನ ಕೈಯಾರೆ ಎದುರಿನವರಿಗೆ ಕಳಿಸಿದೆ. ಅಳಿಸಿದ್ದರೆ ಕಂಪನಿಗೂ ದಂಡ, ನನ್ನ ಸನದಿಗೂ ಕುತ್ತು. ತಿಂಗಳೊಳಗೆ ರಾಜಿಯಾಯಿತು.

ಮಾಮಾನ ಕೇಸಿಗೂ ಬೇಕಿದ್ದದ್ದು ಒಂದೇ ಹಾಳೆ, ಪಾಳಿಯ ಹಾಜರಿ ಪುಸ್ತಕದ್ದು. ಸೂಪರ್‌ವೈಸರ್ ಜತೆ ಜಗಳವಾಯಿತೆಂದು ಕಂಪನಿ ಹೇಳುವ ದಿನ ಮಾಮಾ ರಜೆಯಲ್ಲಿದ್ದರಂತೆ. ಪುಸ್ತಕ ಕಂಪನಿಯ ಹತ್ತಿರವೇ ಇದೆ. ದಾಖಲೆ ತರಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೂ ಇತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಬರೆದಿತ್ತು (2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂತು). ‘ಅರ್ಜಿ ಹಾಕಿದ್ರೇನು?’ ಎಂದೆ. ‘ನಮ್ಮ ವಕೀಲ್ರು, ಈಗ ಬ್ಯಾಡ, ಮತ್ತೊಂದು ವರ್ಷ ಹಿಡೀತದ ಅಂದ್ರು’ ಅಂದರು. ಹಾಕಿದ್ದರೂ ಹಾಕದಿದ್ದರೂ ಹೋಗಿದ್ದು ಒಂಬತ್ತೇ ವರ್ಷ! ಅದರಲ್ಲಿ ನಾಲ್ಕು ವರ್ಷ, ಕಂಪನಿ ಒಳಗೆ ನಡೆಸಿದ ವಿಚಾರಣೆ ಸರಿಯೋ ತಪ್ಪೋ ಎಂಬ ಮೊದಲ ಪ್ರಶ್ನೆಗೇ ಹೋಯಿತು. ಅದೇ ಕಾಯ್ದೆಯ 36ನೇ ಕಲಮಿನಂತೆ ಕಂಪನಿ ವಕೀಲರನ್ನು ಇಡಬೇಕಾದರೆ ಮಾಮಾನ ಒಪ್ಪಿಗೆ ಬೇಕಿತ್ತು. ‘ಕೊಟ್ಟಿದ್ರೇನು?’ ಎಂದು ಕೇಳಿದೆ. ‘ಯಾರ್ ಕೇಳಿದ್ರು?’ ಅಂದರು.

ಇಂಥದ್ದನ್ನು ಕಂಡಾಗ ನನಗೆ ಊರಿನ ಮೇಲೆ ಉರಿಯುತ್ತದೆ. ಕಾಯ್ದೆ ನಮ್ಮಲ್ಲೂ ಇದೆ, ಕೆಲವು ಕಡೆ ಅವರದ್ದಕ್ಕಿಂತ ಚೆನ್ನಾಗಿಯೇ ಇದೆ. ಆದರೆ ಕೋರ್ಟಿನ ಅಂಗಳದಲ್ಲಿ ‘ಮುಂದಿನ ತಾರೀಖು’ ಅನ್ನುವ ಮಾತಿಗೆ ಯಾರೂ ನಾಚುವುದಿಲ್ಲ. ನಾನೂ ನಾಚಿರಲಿಲ್ಲ.

ಮಿರ್ಚಿಯ ಕಥೆ ಹೇಳಲೇಬೇಕು. ಕೆಲಸ ಹೋದ ಮೇಲೆ ಮಾಮಾ ಬಸ್‌ಸ್ಟ್ಯಾಂಡ್ ಹತ್ತಿರ ವಗ್ಗರಣಿ-ಮಿರ್ಚಿ ಬಂಡಿ ಹಾಕಿದರು. ಹಿಂಬಾಕಿ ಪಗಾರದ ಪ್ರಶ್ನೆ ಬಂದಾಗ ಕಂಪನಿ ವಕೀಲರು ಪಾಟೀಸವಾಲಿನಲ್ಲಿ, ‘ದಿನಕ್ಕ ಎಷ್ಟು ಮಿರ್ಚಿ ಮಾರ್ತೀರಿ? ಒಂದಕ್ಕೆಷ್ಟು? ಎಣ್ಣಿ ಖರ್ಚು ತಗದ್ರ ಉಳಿಯೋದೆಷ್ಟು?’ ಎಂದು ಅರ್ಧ ತಾಸು ಹಿಡಿದರಂತೆ. ಅಕ್ಕ ಇದನ್ನು ನಗುತ್ತಾ ಹೇಳಿದಳು. ನಾನು ಅಷ್ಟು ನಗಲಿಲ್ಲ. ಅದೇ ಪ್ರಶ್ನೆಯನ್ನು ನಾನು ಬೇರೆ ಮಾತಿನಲ್ಲಿ ಪ್ರತಿ ಡೆಪೊಸಿಷನ್‌ನಲ್ಲೂ ಕೇಳುತ್ತೇನೆ: ಕೆಲಸ ಹೋದ ಮೇಲೆ ಎಷ್ಟು ಕಡೆ ಅರ್ಜಿ ಹಾಕಿದಿರಿ, ಎಷ್ಟು ಗಳಿಸಿದಿರಿ? ಗಳಿಸಿದ್ದರೆ ಅಷ್ಟು ಕಡಿತ, ಹುಡುಕದೇ ಕೂತಿದ್ದರೆ ಅದಕ್ಕೂ ಕಡಿತ. ಮಾಮಾ ಬಂಡಿ ಹಾಕದೆ ಮನೆಯಲ್ಲೇ ಕೂತಿದ್ದರೂ ಅಲ್ಲಿ ನಾನು ಬಿಡುತ್ತಿರಲಿಲ್ಲ.

ಇನ್ನು ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು. ರಾಘವರ ಕಥೆ ಕೇಳಿ ಬೆಳೆದವನು ನಾನು. ಹನ್ನೆರಡು ಜನರ ಎದುರು ನಿಂತು ಮಾತಾಡುವುದೆಂದರೆ ಬೆಳತನಕ ಬಯಲಾಟ ಆಡಿದ ಹಾಗೆ ಎಂದುಕೊಂಡೇ ಹೋಗಿದ್ದೆ. ಕ್ಯಾಲಿಫೋರ್ನಿಯಾದ ಸಿವಿಲ್ ದಾವೆಯಲ್ಲಿ ಹನ್ನೆರಡರಲ್ಲಿ ಒಂಬತ್ತು ಜನ ಒಪ್ಪಿದರೆ ಸಾಕು. ಹನ್ನೊಂದು ವರ್ಷದಲ್ಲಿ ನಾನು ತೀರ್ಪಿನ ತನಕ ನಡೆಸಿದ್ದು ಐದೇ ಐದು. ಉಳಿದವೆಲ್ಲ ರಾಜಿ, ಇಲ್ಲವೇ ಬಾಗಿಲಲ್ಲೇ ವಜಾ. ದುಡಿದ ಪ್ರತಿ ಆರು ನಿಮಿಷಕ್ಕೊಂದು ಗೆರೆ ಎಳೆದು ಬಿಲ್ಲು ಬರೆಯುವುದರಲ್ಲೇ ನನ್ನ ಆಟ ಮುಗಿಯುತ್ತದೆ.

ತಕರಾರು ಬಂದರೆ ಕೋರ್ಟಿಗೆ ಹೋಗದೆ ಖಾಸಗಿ ಮಧ್ಯಸ್ಥಗಾರನ ತೀರ್ಪಿಗೆ ಒಪ್ಪುತ್ತೇನೆ ಎಂಬ ಕಾಗದಕ್ಕೆ ಸೇರುವ ದಿನವೇ ಸಹಿ ಹಾಕಿದ ನೌಕರರಿಗಂತೂ ಸಾಮಾನ್ಯವಾಗಿ ಜ್ಯೂರಿಯ ಮುಖ ಕಾಣುವ ಭಾಗ್ಯವೂ ಇಲ್ಲ. ಆ ಕಾಗದ ಬರೆದುಕೊಡುವವರೂ ನಮ್ಮಂಥವರೇ. ಒಬ್ಬಿಬ್ಬರನ್ನು ತೆಗೆಯುವಾಗ ನಮ್ಮ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್‌ನಂತೆ ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಪಗಾರದ ಲೆಕ್ಕದಲ್ಲಿ ಪರಿಹಾರ ಕೊಡಲೇಬೇಕೆಂಬ ಫೆಡರಲ್ ಕಾನೂನೂ ಅಲ್ಲಿಲ್ಲ.

ಎರಡು ವರ್ಷದ ಹಿಂದೆ ಕಾರ್ಮಿಕ ನ್ಯಾಯಾಲಯ ಮಾಮಾನನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ, ಅರ್ಧ ಹಿಂಬಾಕಿ ಕೊಡಿ ಎಂದಿತು. ಉಳಿದರ್ಧವನ್ನು ಮಿರ್ಚಿ ತಿಂದಿತು. ಕಂಪನಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಯಿತು. ಅಷ್ಟರಲ್ಲಿ ರಸ್ತೆ ಅಗಲ ಮಾಡಲು ಬಂಡಿ ಎತ್ತಿಸಿದ್ದರು. ಈಗ ಅದೇ ಹಳೆಯ ಕಾಯ್ದೆಯ 17-ಬಿ ಕಲಮಿನಂತೆ ಕೊನೆಯ ಪಗಾರದ ಲೆಕ್ಕದಲ್ಲಿ ತಿಂಗಳು ತಿಂಗಳು ದುಡ್ಡು ಬರುತ್ತಿದೆ. ಒಂಬತ್ತು ವರ್ಷದ ಹಿಂದಿನ ಪಗಾರವೇ, ಆದರೂ ಬರುತ್ತಿದೆ. ಹೀಗೆ ಮಾಲೀಕನ ಮೇಲ್ಮನವಿ ಮುಗಿಯುವ ತನಕ ನೌಕರನಿಗೆ ಪಗಾರ ಕೊಡಿಸುವ ಕಲಮು ನಾನು ಅಲ್ಲಿ ಒಂದು ಕೇಸಿನಲ್ಲೂ ಎದುರಿಸಿಲ್ಲ.

ಜಾತ್ರೆ ಮುಗಿದ ರಾತ್ರಿ ಅಟ್ಟದ ಮೇಲೆ ಮಲಗಿದ್ದಾಗ ಮಾಮಾ ಕೇಳಿದರು. ‘ತಮ್ಮಾ, ನಂದು ನಿಮ್ಮ ಕಡಿ ಆಗಿದ್ರ ಎಷ್ಟು ದಿನಕ್ಕ ಮುಗೀತಿತ್ತು?’

‘ವರ್ಷ, ವರ್ಷೂವರಿ ಮಾಮಾ.’

‘ಗೆಲ್ತಿದ್ನೇನು?’

ಅಲ್ಲಿ ಸಾಮಾನ್ಯವಾಗಿ ಸೂಪರ್‌ವೈಸರ್‌ಗೆ ಸೇರಲಿಲ್ಲ ಅಂದರೆ ಸಾಕು, ತೆಗೆಯಬಹುದು. ಬಣ್ಣ, ವಯಸ್ಸು, ಧರ್ಮದಂಥ, ಕಾನೂನು ತಡೆದ ಕಾರಣ ತೋರಿಸಲಾಗದಿದ್ದರೆ ಕೇಸು ಜ್ಯೂರಿಯ ತನಕ ಹೋಗುವುದಿಲ್ಲ. ಕೇಸು ವಜಾ ಮಾಡಿ ಎಂದು ಅರ್ಜಿ ಬರೆಯುತ್ತಿದ್ದವನು ನಾನೇ. ಹಾಜರಿ ಪುಸ್ತಕದ ಹಾಳೆಯನ್ನೂ ನಾನೇ ಅವರ ಕೈಗೆ ಕೊಟ್ಟಿರುತ್ತಿದ್ದೆ, ಅದರಿಂದ ಏನೂ ಆಗುತ್ತಿರಲಿಲ್ಲ. ನಿದ್ದೆ ಬಂದವನ ಹಾಗೆ ಸುಮ್ಮನಾದೆ.

ಎರಡು ದಿನ ಬಿಟ್ಟು ಧಾರವಾಡದಲ್ಲಿ ವಾಯಿದೆ ಇತ್ತು. ನಾನೂ ಜತೆಗೆ ಹೋದೆ. ಸಂಜೆತನಕ ಕೂತರೂ ನಮ್ಮ ನಂಬರು ಕೂಗಲಿಲ್ಲ. ಬರುವಾಗ ಗದಗದಲ್ಲಿ ಬಸ್ಸು ನಿಂತಾಗ ಮಾಮಾ ಇಳಿದು ಹೋಗಿ ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಬಂದರು. ದುಡ್ಡು ನನಗೆ ಕೊಡಗೊಡಲಿಲ್ಲ.