72 ಮೀಟರ್ 8 ಆದ ಬೆಳಿಗ್ಗೆ

ಕಾವಾನಿಶಿ-ಇಕೆದಾ ನಿಲ್ದಾಣದಿಂದ ಒಸಾಕಾಕ್ಕೆ ಹೋಗುವ ನನ್ನ ಬೆಳಗಿನ ರೈಲು ತ್ಸುಕಾಗುಚಿ ದಾಟಿದ ಮೇಲೆ ಬಲಕ್ಕೆ ಹೊರಳುತ್ತದೆ. ಅಲ್ಲಿ ವೇಗ ಇಳಿಯುವುದು ನಿಂತವರ ಕಾಲಿಗೇ ಗೊತ್ತಾಗುತ್ತದೆ. ಎಡಗಡೆ ಕಿಟಕಿಯಾಚೆ ದೊಡ್ಡ ಕಮಾನು ಚಾವಣಿಯ ಕೆಳಗೆ ಒಂದು ಅಪಾರ್ಟ್‌ಮೆಂಟಿನ ಕೆಳಮಹಡಿಗಳಷ್ಟೇ ಉಳಿದು ನಿಂತಿವೆ. 2005ರ ಏಪ್ರಿಲ್ 25ರಂದು ಬೆಳಿಗ್ಗೆ 9.18ಕ್ಕೆ ಇದೇ ತಿರುವಿನಲ್ಲಿ ರೈಲು ಹಳಿ ತಪ್ಪಿ ಆ ಕಟ್ಟಡಕ್ಕೆ ನುಗ್ಗಿತು. ಚಾಲಕನೂ ಸೇರಿ 107 ಜನ ತೀರಿಕೊಂಡರು. ಹನ್ನೆರಡು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ಆ ಜಾಗ ಬಂದಾಗ ಫೋನಿನಿಂದ ತಲೆ ಎತ್ತದ ದಿನವಿಲ್ಲ.

ರಾಣೆಬೆನ್ನೂರಿಗೆ ಹೋದಾಗಲೆಲ್ಲ ಜನ ನನ್ನ ಹತ್ತಿರ ಜಪಾನಿನ ಬೇರೆಯದೇ ರೈಲಿನ ಮಾತು ತೆಗೆಯುತ್ತಾರೆ. 2017ರ ನವೆಂಬರ್ 14ರಂದು ಟೋಕಿಯೋ ಕಡೆಯ ತ್ಸುಕುಬಾ ಎಕ್ಸ್‌ಪ್ರೆಸ್ ರೈಲೊಂದು 20 ಸೆಕೆಂಡ್ ಮುಂಚೆ ಹೊರಟಿತು. ಯಾರೂ ದೂರು ಕೊಟ್ಟಿರಲಿಲ್ಲ, ಆದರೂ ಕಂಪನಿ ತಾನಾಗಿ ಕ್ಷಮೆ ಕೇಳಿತು. ಆ ಸುದ್ದಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇವತ್ತಿಗೂ ಸುತ್ತುತ್ತಿದೆ. "ಕಂಪನಿ ಹೆಸರು ಉಳಿಸ್ಕೊಳ್ಳೂದು ಅಂದ್ರ ಹಿಂಗ ನೋಡ್ರಿ. ನಮ್ಮವರಿಗೆ ಯಾವಾಗ ಬುದ್ಧಿ ಬರತೈತಿ?" ಅಂತ ನಮ್ಮ ಭಾವ ಪ್ರತಿ ಸಲ ಕೇಳುತ್ತಾರೆ. ಆ ಕ್ಷಮೆ ನಿಜವಾದದ್ದೇ, ನನಗೂ ಅದರ ಬಗ್ಗೆ ಗೌರವವಿದೆ. ಆದರೆ ಸಂಸ್ಥೆಯೊಂದರ ಹೆಸರು ಉಳಿಯುವುದೋ ಅಳಿಯುವುದೋ ತಲೆಬಾಗುವ ಹೊತ್ತಿನಲ್ಲಿ ತೀರ್ಮಾನವಾಗುವುದಿಲ್ಲ. ಅದಕ್ಕೂ ಬಹಳ ಮುಂಚೆ, ಕೆಳಗಿನವನು ಮೇಲಿನವನಿಗೆ ಕೆಟ್ಟ ಸುದ್ದಿ ಹೇಳುವ ಗಳಿಗೆಯಲ್ಲಿ ಅದು ತೀರ್ಮಾನವಾಗಿರುತ್ತದೆ. ಇದನ್ನು ಭಾವನಿಗೆ ತಿಳಿಸಿ ಹೇಳಬೇಕೆಂದರೆ ನಾನು ಈ ತಿರುವಿನ ಕಥೆಯನ್ನೇ ಹೇಳಬೇಕು.

ಆ ರೈಲಿನ ಚಾಲಕನಿಗೆ 23 ವರ್ಷ. ಅಪಘಾತಕ್ಕೆ ಕೆಲವೇ ನಿಮಿಷ ಮುಂಚೆ ಇತಾಮಿ ನಿಲ್ದಾಣದಲ್ಲಿ ಅವನು ನಿಲ್ಲಿಸಬೇಕಾದ ಜಾಗದಿಂದ ಸುಮಾರು 72 ಮೀಟರ್ ಮುಂದೆ ಹೋಗಿಬಿಟ್ಟ. ರೈಲನ್ನು ಹಿಂದಕ್ಕೆ ತಂದು, ಜನ ಹತ್ತಿ ಇಳಿದು, ಹೊರಡುವಾಗ ಸುಮಾರು ಒಂದೂವರೆ ನಿಮಿಷ ತಡವಾಗಿತ್ತು. ಅವನು ಒಳಗಿನ ಫೋನಿನಲ್ಲಿ ಹಿಂದಿನ ಬೋಗಿಯ ಗಾರ್ಡನನ್ನು ಕರೆದು, ಎಷ್ಟು ಮುಂದೆ ಹೋಯಿತೆಂಬುದನ್ನು ಸ್ವಲ್ಪ ಕಡಿಮೆ ಮಾಡಿ ಹೇಳು ಎಂದು ಕೇಳಿಕೊಂಡ. ಗಾರ್ಡ್ ರೇಡಿಯೋದಲ್ಲಿ ಕಂಟ್ರೋಲ್ ರೂಮಿಗೆ 8 ಮೀಟರ್ ಎಂದು ವರದಿ ಮಾಡಿದ. ಆ ರೇಡಿಯೋ ಮಾತಿನ ಕಡೆಗೇ ಚಾಲಕನ ಗಮನ ಹೋಗಿ ಬ್ರೇಕ್ ತಡವಾಗಿರಬಹುದು ಎಂದು 2007ರ ತನಿಖಾ ವರದಿ ಹೇಳಿತು. ಗಂಟೆಗೆ 70 ಕಿ.ಮೀ. ಮಿತಿಯಿದ್ದ ತಿರುವಿಗೆ ರೈಲು ಸುಮಾರು 116 ಕಿ.ಮೀ. ವೇಗದಲ್ಲಿ ಬಂತು.

72 ಮೀಟರ್ 8 ಆದದ್ದು ಯಾಕೆ? ಆ ಹುಡುಗನಿಗೆ ತನ್ನ ಕಂಪನಿಯ ಭಯವಿತ್ತು. ಈ ರೈಲು ಓಡಿಸುವ ಜೆಆರ್ ವೆಸ್ಟ್ ಕಂಪನಿಯಲ್ಲಿ ಆಗ 'ನಿಕ್ಕಿನ್ ಕ್ಯೋಇಕು' ಎಂಬ ಪದ್ಧತಿಯಿತ್ತು. ಹೆಸರಿಗೆ ಮರುತರಬೇತಿ. ನಡೆಯುತ್ತಿದ್ದದ್ದು ಮಾತ್ರ ತಪ್ಪು ಮಾಡಿದವನನ್ನು ರೈಲಿನಿಂದ ಇಳಿಸಿ, ಕಚೇರಿಯಲ್ಲಿ ಎಲ್ಲರ ಕಣ್ಣೆದುರು ಕೂರಿಸಿ, ದಿನಗಟ್ಟಲೆ ತಪ್ಪೊಪ್ಪಿಗೆ ಬರೆಸುವುದು, ಹುಲ್ಲು ಕೀಳಿಸುವುದು. ಹಿಂದಿನ ವರ್ಷವಷ್ಟೇ ಅವನು 13 ದಿನ ಅದನ್ನು ಅನುಭವಿಸಿದ್ದ. ನಿಮಿಷ ತಪ್ಪದ ರೈಲು ಎಂಬ ಹೆಸರನ್ನು ಕಾಪಾಡಲು ಕಟ್ಟಿದ ಪದ್ಧತಿ ಅದು. ನಿಜವನ್ನು ಕಂಟ್ರೋಲ್ ರೂಮಿಗೆ ಮುಟ್ಟಿಸದೆ ತಡೆದದ್ದೂ ಅದೇ.

ಆಮೇಲಿನದೂ ನೋವಿನ ಕಥೆಯೇ. ಅಂದೇ ಮಧ್ಯಾಹ್ನ ಪತ್ರಕರ್ತರ ಮುಂದೆ ಕಂಪನಿ ಹಳಿಯ ಮೇಲೆ ಕಲ್ಲು ಪುಡಿಯಾದ ಗುರುತಿನ ಮಾತೆತ್ತಿತು, ಯಾರೋ ಕಲ್ಲಿಟ್ಟಿರಬಹುದು ಎಂಬ ಅನುಮಾನ ಬರುವ ಹಾಗೆ. ಅದೇ ರೈಲಿನಲ್ಲಿ ಪ್ರಯಾಣಿಸುತ್ತಿದ್ದ ಇಬ್ಬರು ಚಾಲಕರು ಮೇಲಿನವರಿಗೆ ಫೋನ್ ಮಾಡಿ, ಡ್ಯೂಟಿಗೆ ತಡವಾಗಬೇಡಿ ಎನ್ನಿಸಿಕೊಂಡು, ಗಾಯಾಳುಗಳನ್ನು ಬಿಟ್ಟು ಕೆಲಸಕ್ಕೆ ಹೋದದ್ದು ಹೊರಬಂತು. ತನಿಖಾ ಆಯೋಗದ ಸದಸ್ಯರೊಬ್ಬರಿಂದ ವರದಿಯ ಕರಡನ್ನು ಕಂಪನಿಯ ಮುಖ್ಯಸ್ಥರೇ ಮುಂಚಿತವಾಗಿ ತರಿಸಿಕೊಂಡದ್ದು 2009ರಲ್ಲಿ ಬಯಲಾಯಿತು. ಪ್ರತಿ ಸಲವೂ ಕ್ಷಮೆ ಕೇಳಿದರು, ಆಳವಾಗಿ ಬಾಗಿದರು. ನನ್ನ ಲೆಕ್ಕದಲ್ಲಿ ನಿಜವಾದ ಬದಲಾವಣೆ ಬಂದದ್ದು 2016ರ ಏಪ್ರಿಲ್‌ನಲ್ಲಿ, ಕೆಲಸದ ನಡುವೆ ಮನುಷ್ಯಸಹಜವಾಗಿ ಆಗುವ ತಪ್ಪಿಗೆ ಶಿಕ್ಷೆಯಿಲ್ಲ ಎಂದು ಕಂಪನಿ ನಿಯಮ ಮಾಡಿದಾಗ. ಹನ್ನೊಂದು ವರ್ಷ ಬೇಕಾಯಿತು.

ಇದನ್ನೆಲ್ಲ ನಾನು ಹೊರಗೆ ನಿಂತು ಹೇಳುತ್ತಿಲ್ಲ. 72 ಅನ್ನು 8 ಮಾಡಿ ಹೇಳಿದವರಲ್ಲಿ ನಾನೂ ಒಬ್ಬ.

ನಾನು ಕೆಲಸ ಮಾಡುವುದು ಪಂಪಿನ ಭಾಗ ತಯಾರಿಸುವ ಚಿಕ್ಕ ಕಂಪನಿಯ ಗುಣಮಟ್ಟ ವಿಭಾಗದಲ್ಲಿ. ಬೆಳಗಾವಿಯ ಒಂದು ಫೌಂಡ್ರಿಯಿಂದ ನಮಗೆ ಎರಕದ ಮಾಲು ಬರುತ್ತದೆ. ಅವರಿಗೂ ನಮಗೂ ನಡುವಿನ ಮಾತು ನನ್ನ ಮೂಲಕವೇ. ಕೆಲವು ವರ್ಷದ ಹಿಂದೆ ಒಂದು ರಾತ್ರಿ ಮಾಲೀಕರು ಫೋನ್ ಮಾಡಿದರು. ನನ್ನ ತಂದೆಯ ವಯಸ್ಸಿನವರು. "ಸರ, ಫರ್ನೇಸಿನ ಲೈನಿಂಗ್ ಹೋಗೈತ್ರಿ. ಖರೇ ಹೇಳ್ತೀನಿ, ಮೂರ್ ವಾರ ಬೇಕಾಗ್ತೈತಿ. ಸುಳ್ಳ ಹೇಳಿ ನಾಳೆ ಮುಖ ತೋರಸಾಕ ಆಗೂದಿಲ್ರಿ" ಅಂದರು. ನಾನು ಮರುದಿನ ನಮ್ಮ ವಿಭಾಗದ ಮುಖ್ಯಸ್ಥರಿಗೆ "ಒಂದು ವಾರ ತಡವಾಗಬಹುದು" ಎಂದು ಹೇಳಿದೆ. ಭಾರತದವರು ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂಬ ಮಾತು ಆಫೀಸಿನಲ್ಲಿ ಮತ್ತೆ ಏಳಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬೆಳಗಾವಿಯ ಮಾನ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಮುಖ್ಯಸ್ಥರು ನನ್ನ ಮಾತು ನಂಬಿ ಗ್ರಾಹಕರಿಗೆ ತಾರೀಕು ಕೊಟ್ಟರು. ಆ ತಾರೀಕು ಬಂತು, ಮಾಲು ಬರಲಿಲ್ಲ. ಅವರು ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: ನಿಮಗೆ ಇದು ಯಾವತ್ತು ಗೊತ್ತಾಯಿತು? ಮರುದಿನ ಇಬ್ಬರೂ ಗ್ರಾಹಕರಲ್ಲಿಗೆ ಹೋಗಿ ತಲೆಬಾಗಿ ನಿಂತೆವು. ಅಲ್ಲಿನ ಖರೀದಿ ವಿಭಾಗದವರೂ ಅದನ್ನೇ ಕೇಳಿದರು. ಮೂರು ವಾರ ತಡ ಎಂಬುದು ಅವರಿಗೆ ದೊಡ್ಡದಾಗಿರಲಿಲ್ಲ, ಮೊದಲೇ ಗೊತ್ತಿದ್ದರೆ ತಮ್ಮ ಲೈನಿನ ಕೆಲಸವನ್ನು ಹಿಂದೆಮುಂದೆ ಮಾಡಿಕೊಳ್ಳುತ್ತಿದ್ದರು. ನಾನು ಬಚ್ಚಿಟ್ಟ ಎರಡು ವಾರ ಅವರ ಕೈ ಕಟ್ಟಿಹಾಕಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಿದ್ದ ನನ್ನ ಅಜ್ಜಿಯ ಮಾತು ಅವತ್ತು ವಾಪಸು ಬರುವ ದಾರಿಯುದ್ದಕ್ಕೂ ಕಿವಿಯಲ್ಲಿತ್ತು.

ಅದಾದ ಮೇಲೆ ಇಲ್ಲಿನ ರೂಢಿಯಂತೆ ಕಾರಣದ ವರದಿ ಬರೆಯಬೇಕಾಯಿತು. 'ಯಾಕೆ' ಎಂದು ಐದು ಸಲ ಕೇಳಿಕೊಂಡು ಒಂದರ ಕೆಳಗೊಂದು ಬರೆಯುವ ಹಾಳೆ. ತಪ್ಪು ಮಾಹಿತಿ ಹೋಯಿತು, ಯಾಕೆ? ನಾನು ಕಡಿಮೆ ಮಾಡಿ ಹೇಳಿದೆ. ಯಾಕೆ? ಹೇಳಲು ಹಿಂಜರಿದೆ. ಅಲ್ಲಿಗೆ ನಿಲ್ಲಿಸಿ ಹಾಳೆಯನ್ನು ಕೊಟ್ಟೆ. ಮುಖ್ಯಸ್ಥರು ಪೆನ್ಸಿಲ್ ತೆಗೆದುಕೊಂಡು ಮೂರನೆಯ ಸಾಲನ್ನು ತಾವೇ ತುಂಬಿದರು. ಹಿಂದೊಮ್ಮೆ ಭಾರತದ ಮಾಲು ತಡವಾದಾಗ ತಾನು ಎಲ್ಲರೆದುರು ಸಿಟ್ಟಿನಿಂದ ಮಾತಾಡಿದ್ದೆ, ಅದರಿಂದ ಇವರು ಹಿಂಜರಿದರು ಎಂದು. ಕೆಳಗೆ ತಮ್ಮ ಮೊಹರು ಒತ್ತಿದರು. ಆ ಕೆಂಪು ಮೊಹರು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಮೊದಲ ವಾರದಲ್ಲೇ 'ಹೋರೆನ್‌ಸೋ' ಕಲಿಸುತ್ತಾರೆ. ವರದಿ ಮಾಡು, ಸುದ್ದಿ ಮುಟ್ಟಿಸು, ಕೇಳಿ ಮುಂದುವರಿ ಎಂಬ ಮೂರು ಪದಗಳ ಮೊದಲಕ್ಷರ ಸೇರಿ ಆದದ್ದು. ಪಾಲಕ್ ಸೊಪ್ಪಿಗೂ ಅದೇ ಹೆಸರಾದ್ದರಿಂದ ಯಾರೂ ಮರೆಯುವುದಿಲ್ಲ. 1982ರಲ್ಲಿ ಯಮತಾನೆ ಸೆಕ್ಯುರಿಟೀಸ್ ಎಂಬ ಕಂಪನಿಯ ಮುಖ್ಯಸ್ಥ ತೊಮಿಜಿ ಯಮಾಜಾಕಿ ಅದನ್ನು ಪ್ರಚಾರಕ್ಕೆ ತಂದರು. ಅವರ ಮನಸ್ಸಿನಲ್ಲಿದ್ದದ್ದು ಕೆಟ್ಟ ಸುದ್ದಿಯೂ ಧೈರ್ಯವಾಗಿ ಮೇಲೆ ಬರುವಂಥ ವಾತಾವರಣವನ್ನು ಮೇಲಿನವರು ಕಟ್ಟಬೇಕು ಎಂಬುದು. ಬರುಬರುತ್ತಾ ಅದು ಕೆಳಗಿನವರ ಕರ್ತವ್ಯದ ಪಟ್ಟಿಯಾಯಿತು. ನಮ್ಮ ಮುಖ್ಯಸ್ಥರ ಪೆನ್ಸಿಲ್ ಸಾಲಿನಲ್ಲಿ ನಾನು ಅದರ ಮೂಲ ಅರ್ಥವನ್ನು ನೋಡಿದೆ.

ಎಲ್ಲರೂ ಹಾಗಿರುವುದಿಲ್ಲ. 2000ರ ಬೇಸಿಗೆಯಲ್ಲಿ ಇದೇ ಒಸಾಕಾ ಸುತ್ತಮುತ್ತ ಸ್ನೋ ಬ್ರ್ಯಾಂಡ್ ಕಂಪನಿಯ ಹಾಲು ಕುಡಿದು 13 ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಮೊದಲು ಒಸಾಕಾ ಕಾರ್ಖಾನೆಯ ವಾಲ್ವ್ ಕಾರಣ ಎಂದರು. ಕೊನೆಗೆ ನೋಡಿದರೆ ದೂರದ ಹೊಕ್ಕೈಡೋ ಕಾರ್ಖಾನೆಯಲ್ಲಿ ಮಾರ್ಚ್ ಕೊನೆಗೆ ಕರೆಂಟ್ ಹೋಗಿ ಹಾಲು ಬೆಚ್ಚಗೇ ಉಳಿದು, ಅದರಿಂದ ಮಾಡಿದ ಹಾಲಿನ ಪುಡಿ ಕೆಟ್ಟಿತ್ತು. ಪತ್ರಕರ್ತರು ಬೆನ್ನುಹತ್ತಿದಾಗ ಅಧ್ಯಕ್ಷರು ತಾನು ನಿದ್ದೆ ಮಾಡಿಲ್ಲ ಎಂದು ರೇಗಿದರು. ಜಪಾನೀಯರು ಆ ಮಾತನ್ನು ಇವತ್ತಿಗೂ ಮರೆತಿಲ್ಲ. ನನಗೆ ಅದಕ್ಕಿಂತ ಕಾಡುವುದು ಆ ಕರೆಂಟ್ ಹೋದ ದಿನ. ಅವತ್ತು ಆ ಕಾರ್ಖಾನೆಯಲ್ಲಿ ಯಾರಾದರೊಬ್ಬರು ಇದನ್ನು ಚೆಲ್ಲಿಬಿಡೋಣ ಎಂದು ಗಟ್ಟಿಯಾಗಿ ಹೇಳಿ, ಅದು ಮೇಲಿನವರ ಕಿವಿಗೆ ಬಿದ್ದಿದ್ದರೆ!

ನಮ್ಮ ಕಡೆಯ ಕಾಯಿಲೆ ಬೇರೆ. ಹೋದ ವರ್ಷ ಊರಿಗೆ ಬಂದಾಗ ಅಪ್ಪನ ರಕ್ತಪರೀಕ್ಷೆಯ ರಿಪೋರ್ಟಿಗಾಗಿ ಒಂದು ಖಾಸಗಿ ಆಸ್ಪತ್ರೆಗೆ ಮೂರು ದಿನ ಅಲೆದೆ. ಕೌಂಟರಿನ ಹುಡುಗಿ ದಿನವೂ "ಇನ್ನೂ ಬಂದಿಲ್ಲ ಅಣ್ಣಾ, ನಾಳೆ ಬರ್ರಿ" ಅನ್ನುತ್ತಿದ್ದಳು. ಮೂರನೆಯ ದಿನ ಲ್ಯಾಬಿನ ಹುಡುಗನೊಬ್ಬ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದ: ಸ್ಯಾಂಪಲ್ ಮೊದಲ ದಿನವೇ ಕೆಟ್ಟಿತ್ತು, ಹೇಳಬೇಡಿ ಅಂದಿದ್ದಾರೆ, ಬೇಗ ಇನ್ನೊಮ್ಮೆ ರಕ್ತ ಕೊಡಿಸಿಬಿಡಿ. ಅಪ್ಪನ ಮೂರು ದಿನ ಹೋಯಿತು. ಆ ಆಸ್ಪತ್ರೆಗೆ ನಮ್ಮ ಮನೆಯವರು ಇನ್ನು ಕಾಲಿಡುವುದಿಲ್ಲ. ಆ ಹುಡುಗನನ್ನು ಮಾತ್ರ ನಾನು ಮರೆಯುವುದಿಲ್ಲ.

ಎರಡು ಕಡೆಯನ್ನೂ ಕಂಡ ನನಗೆ ಅನಿಸುವುದು ಇದು. ಜಪಾನಿನಲ್ಲಿ ಕಾಗದಕ್ಕೆ ಬಂದದ್ದು ಅಚ್ಚುಕಟ್ಟಾಗಿರುತ್ತದೆ, ಕಾಗದಕ್ಕೆ ಬಾರದ್ದು ಯಾರ ಬಾಯಿಗೂ ಬರುವುದಿಲ್ಲ. ಎಲ್ಲರೂ ಎದುರಿನವರ ಮುಖ ನೋಡಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ನಿಜ ಮೆಟ್ಟಿಲ ಹತ್ತಿರ, ಚಹಾ ಅಂಗಡಿಯಲ್ಲಿ, ರಾತ್ರಿ ಫೋನಿನಲ್ಲಿ ಸಿಕ್ಕೇ ಸಿಗುತ್ತದೆ. ನಂಬಿಕೆ ಹುಟ್ಟಿದವರಿಗೆ ನಮ್ಮ ಜನ ನಿಜ ಹೇಳುತ್ತಾರೆ, ಬೆಳಗಾವಿಯ ಹಿರಿಯರು ನನಗೆ ಹೇಳಿದ ಹಾಗೆ. ಇದು ಇಲ್ಲಿ ಅಷ್ಟು ಸುಲಭವಾಗಿ ಸಿಗದ ಸಂಪತ್ತು. ಆದರೆ ಆ ನಿಜ ಲೆಟರ್‌ಹೆಡ್ಡಿನ ತನಕ ಹೋಗುವುದಿಲ್ಲ. ಮೌನವೇ ಕ್ಷೇಮ ಎಂಬ ನಂಬಿಕೆ ನಮ್ಮ ಮ್ಯಾನೇಜರುಗಳಲ್ಲಿ ಬೇರೂರಿದೆ. ತಮ್ಮ ಕಡೆ ನ್ಯಾಯವಿದ್ದಾಗಲೂ ಮೌನ ನಷ್ಟವನ್ನೇ ತರುತ್ತದೆ. 2015ರಲ್ಲಿ ಮ್ಯಾಗಿಗೆ ನಿಷೇಧ ಬಿದ್ದಾಗ ಕಂಪನಿ ಮೊದಲ ವಾರಗಳಲ್ಲಿ ಜನರ ಜೊತೆ ಸರಿಯಾಗಿ ಮಾತಾಡಲೇ ಇಲ್ಲ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿತು, ಮರುಪರೀಕ್ಷೆಯಲ್ಲಿ ಪಾಸಾಯಿತು, ನಂಜನಗೂಡಿನಲ್ಲಿ ಮತ್ತೆ ತಯಾರಿಯೂ ಶುರುವಾಯಿತು. ಅಷ್ಟರಲ್ಲಿ 30 ಸಾವಿರ ಟನ್ನಿಗೂ ಹೆಚ್ಚು ಮಾಲನ್ನು ನಾಶ ಮಾಡಿ ಆಗಿತ್ತು.

ಬೆಳಗಾವಿಯ ಫೌಂಡ್ರಿ ಈಗಲೂ ನಮಗೆ ಮಾಲು ಕಳಿಸುತ್ತಿದೆ. ಆ ಘಟನೆಯಾದ ಮೇಲೆ ನಾನು ಮಾಲೀಕರಿಗೆ ನಡೆದದ್ದೆಲ್ಲ ಹೇಳಿದ್ದೆ. ನಿಮ್ಮ ಮೂರು ವಾರವನ್ನು ಒಂದು ಮಾಡಿದವನು ನಾನೇ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನ ಮ್ಯಾಲೆ ನಾವು ಹೇಳಿದ್ದ ಹಂಗ ಹೇಳ್ರಿ ಸರ, ಬೈಗಳಾ ನಾವ ತಿಂತೀವಿ" ಅಂದರು. ಈಗ ಅವರ ಮಗ ವಾರಕ್ಕೊಮ್ಮೆ ಫೋಟೋ ಕಳಿಸುತ್ತಾನೆ, ಒಳ್ಳೆಯದರದ್ದೂ ಕೆಟ್ಟದ್ದರದ್ದೂ. ಹೋದ ತಿಂಗಳು ಬಂದ ಫೋಟೋದಲ್ಲಿ ಸಾಲಾಗಿ ಜೋಡಿಸಿದ ಎರಕಗಳ ಮೇಲೆ, ಗಾಳಿಗುಳ್ಳೆಯ ತೂತುಗಳ ಸುತ್ತ ಸುಣ್ಣದ ಕಡ್ಡಿಯಿಂದ ಗುಂಡು ಹಾಕಿತ್ತು. ಕೆಳಗೆ ಒಂದೇ ಸಾಲು: "ಸರ, 14 ಪೀಸ್ ರಿಜೆಕ್ಟ್." ರೈಲು ಆಗಷ್ಟೇ ತಿರುವು ದಾಟುತ್ತಿತ್ತು. ಮುಂದಿನ ನಿಲ್ದಾಣ ಅಮಾಗಾಸಾಕಿ ಬರುವುದರೊಳಗೆ ಅದನ್ನು ಜಪಾನಿ ಭಾಷೆಯಲ್ಲಿ ಬರೆದು ಮುಖ್ಯಸ್ಥರಿಗೆ ಕಳಿಸಿದೆ: 14.