ಗ್ರಹಚಾರವೂ ಹಣೆಬರಹವೂ

‘ತಪ್ಪು ಹುಡುಕುವುದಕ್ಕೆಂದೇ ಸಿನಿಮಾ ನೋಡುವವನು’ ಎಂಬ ಬಿರುದು ನಿನ್ನೆ ರಾತ್ರಿ ನನಗೆ ಮತ್ತೊಮ್ಮೆ ಪ್ರದಾನವಾಯಿತು. ಅಂತರಿಕ್ಷ ನೌಕೆಯೊಂದರ ಸಾಹಸಗಳ ಅಮೆರಿಕನ್ ಟಿವಿ ಧಾರಾವಾಹಿಯಿಂದ ಹುಟ್ಟಿದ ‘ಸ್ಟಾರ್ ಟ್ರೆಕ್’ ಸರಣಿಯ 1982ರ ಚಿತ್ರ ನಡೆಯುತ್ತಿತ್ತು. ತಳಿ ತಿದ್ದಿ ರೂಪಿಸಿದ ಅತಿಮಾನವ ಖಾನ್ ಎಂಬ ಖಳನು ನೌಕೆಯ ಅಧಿಕಾರಿ ಚೆಕೊವ್‌ನನ್ನು ದಿಟ್ಟಿಸಿ, ತಾನು ಒಮ್ಮೆ ಕಂಡ ಮುಖವನ್ನು ಮರೆಯುವವನಲ್ಲ ಎಂದ. ನಾನು ನಕ್ಕೆ. ಅಷ್ಟೇ ನನ್ನ ಅಪರಾಧ.

ನಗದೆ ಏನು ಮಾಡಲಿ? ಖಾನ್ ಮೊದಲು ಬಂದುಹೋದದ್ದು 1967ರ ಫೆಬ್ರುವರಿಯ ಕಂತಿನಲ್ಲಿ. ಚೆಕೊವ್ ನೌಕೆಯಲ್ಲಿ ಮುಖ ತೋರಿಸಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ನೋಡಿಯೇ ಇರದ ಮುಖವನ್ನು ಹದಿನೈದು ವರ್ಷ ನೆನಪಿಟ್ಟುಕೊಂಡವನು ನಿಜಕ್ಕೂ ಅತಿಮಾನವನೇ. ಚೆಕೊವ್ ಪಾತ್ರಧಾರಿ ವಾಲ್ಟರ್ ಕೊಯೆನಿಗ್ ಇದಕ್ಕೊಂದು ತಮಾಷೆಯ ಸಮಜಾಯಿಷಿ ಕೊಡುತ್ತಿದ್ದರು: ಚೆಕೊವ್ ಆಗ ಶೌಚಾಲಯದೊಳಗೆ ಕುಳಿತುಬಿಟ್ಟಿದ್ದನಂತೆ, ಹೊರಗೆ ಕಾದು ಕಾದು ಕಂಗೆಟ್ಟ ಖಾನ್ ಆ ಮುಖವನ್ನು ಮರೆಯಲಿಲ್ಲವಂತೆ. ನನ್ನ ಮಟ್ಟಿಗೆ ಇದೇ ಅಧಿಕೃತ.

ಮುಖವಾದರೆ ಹೋಗಲಿ, ಅದೇ ಚಿತ್ರದಲ್ಲಿ ಒಂದು ಗ್ರಹವೇ ಹೋಗಿದೆ. ಸೀಟಿ ಆಲ್ಫಾ ಮಂಡಲದ ಆರನೆಯ ಗ್ರಹ ಸಿಡಿದು ಚೂರಾಗಿದೆ, ಖಾನ್‌ನನ್ನು ಬಿಟ್ಟುಹೋಗಿದ್ದ ಐದನೆಯದರ ಕಕ್ಷೆ ಜರುಗಿದೆ. ಅಲ್ಲಿಗೆ ಬಂದ ರಿಲಯಂಟ್ ನೌಕೆಗೆ ಜೀವಿಗಳಿಲ್ಲದ ಗ್ರಹವೊಂದನ್ನು ಹುಡುಕುವುದೇ ಕೆಲಸ. ಆ ವಿದ್ವಾಂಸರು ಐದನೆಯದನ್ನೇ ಆರನೆಯದೆಂದು ತಿಳಿದು ಇಳಿದು, ಖಾನ್‌ನ ಬಾಯಿಗೆ ಬೀಳುತ್ತಾರೆ. ಒಂದು ಕೈಯ ಬೆರಳು ಮಡಿಸಿದ್ದರೆ ಎಣಿಕೆ ಮುಗಿಯುತ್ತಿತ್ತು! ಗ್ರಹಚಾರ ಎಂಬ ಮಾತನ್ನು ಇಷ್ಟು ಅಕ್ಷರಶಃ ಯಾರೂ ಅನುಭವಿಸಿರಲಾರರು.

ಹಾಗೆಂದು ಎಲ್ಲ ತಪ್ಪಿಗೂ ನಾನು ಕೋಲು ಹಿಡಿಯುವುದಿಲ್ಲ. 1966ರ ಮೊದಲ ಕಂತುಗಳ ತಪ್ಪುಗಳ ಮೇಲೆ ನನಗೆ ಮಮತೆಯೇ ಇದೆ. ಒಂದರಲ್ಲಿ ಜನರನ್ನು ಕ್ಷಣದಲ್ಲಿ ನೌಕೆಯಿಂದ ನೆಲಕ್ಕೂ ನೆಲದಿಂದ ನೌಕೆಗೂ ಸಾಗಿಸುವ ಯಂತ್ರ ಟ್ರಾನ್ಸ್‌ಪೋರ್ಟರ್ ಕೆಟ್ಟು, ನೌಕೆಯ ಚಾಲಕ ಸುಲು ಮತ್ತು ಸಂಗಡಿಗರು ಹೆಪ್ಪುಗಟ್ಟುವ ಗ್ರಹದ ಮೇಲೆ ಸಿಕ್ಕಿಬೀಳುತ್ತಾರೆ. ಬಂದೂಕಿನಿಂದ ಬಂಡೆ ಕಾಯಿಸಿಕೊಂಡು ಅದರ ಸುತ್ತ ಮುದುಡಿ ಕೂರುತ್ತಾರೆ. ಒಂದು ಕಿರುನೌಕೆ ಕಳಿಸಿ ಕರೆತರಬಾರದೇ? ಕಳಿಸಲು ಕಿರುನೌಕೆ ಇರಲಿಲ್ಲ. ಅದು ತೆರೆಯ ಮೇಲೆ ಬಂದದ್ದು ಕೆಲವು ವಾರಗಳ ನಂತರ. ಅಸಲಿಗೆ ಆ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದೇ ವಾರವಾರವೂ ನೌಕೆಯನ್ನು ನೆಲಕ್ಕಿಳಿಸಿ ತೋರಿಸಲು ಹಣ ಸಾಲದೆ. ಇನ್ನೊಂದು ಕಂತಿನಲ್ಲಿ ದೈವಶಕ್ತಿ ಮೈದುಂಬಿದ ಹಳೆಯ ಗೆಳೆಯನೇ ನಾಯಕನಿಗೆ ಗೋರಿಕಲ್ಲು ಸೃಷ್ಟಿಸುತ್ತಾನೆ. ಅದರ ಮೇಲೆ ‘ಜೇಮ್ಸ್ ಆರ್. ಕರ್ಕ್’ ಎಂದಿದೆ. ಮುಂದೆ ಇಡೀ ಲೋಕಕ್ಕೆ ಆತ ಜೇಮ್ಸ್ ಟಿ. ಕರ್ಕ್. ದೇವರಾದವನಿಗೂ ಗೆಳೆಯನ ಇನಿಷಿಯಲ್ ನೆನಪಿರಲಿಲ್ಲ. ಇಂಥ ದೇವರನ್ನು ನಂಬಬಹುದು.

ಕ್ಲಿಂಗಾನರೆಂಬ ಅನ್ಯಗ್ರಹದ ಯೋಧರದು ಮಾತ್ರ ಬೇರೆಯೇ ಪುರಾಣ. 1967ರಲ್ಲಿ ಅವರ ಹಣೆ ನಮ್ಮ ನಿಮ್ಮದರಂತೆ ನುಣುಪು. 1979ರ ಚಿತ್ರದ ಹೊತ್ತಿಗೆ ಪ್ರಸಾಧನಕ್ಕೆ ಹಣ ಬಂತು, ಹಣೆಯ ಮೇಲೆ ಉಬ್ಬುತಗ್ಗು ಬಂತು. ಹಣ ಬಂದರೆ ಹಣೆಬರಹ ಬದಲಾಗುತ್ತದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. 1996ರ ಕಂತೊಂದರಲ್ಲಿ ಈ ವ್ಯತ್ಯಾಸದ ಬಗ್ಗೆ ಕೇಳಿದಾಗ ಕ್ಲಿಂಗಾನನೇ ಆದ ವೋರ್ಫ್ ಮುಖ ಗಂಟಿಕ್ಕಿ, ಹೊರಗಿನವರೊಡನೆ ನಾವು ಅದನ್ನು ಚರ್ಚಿಸುವುದಿಲ್ಲ ಎಂದುಬಿಡುತ್ತಾನೆ. ಎಂಥ ಉತ್ತರ! ಅಲ್ಲಿಗೆ ನಿಲ್ಲಿಸಬೇಕಿತ್ತು. 2005ರಲ್ಲಿ ಎರಡು ಕಂತು ವ್ಯಯಿಸಿ, ಅದೊಂದು ವೈರಸ್‌ನ ಕಿತಾಪತಿ ಎಂದು ಸಾಬೀತು ಮಾಡಿದರು. ನಗುವಿಗೂ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸುವವರನ್ನು ಏನೆನ್ನುವುದು?

ಇಷ್ಟಕ್ಕೂ ನನ್ನ ಹೊಟ್ಟೆಯುರಿ ಇದ್ಯಾವುದೂ ಅಲ್ಲ, ಅದೇ ಪಾತ್ರಗಳನ್ನು ಹೊಸ ನಟರಿಂದ ಮತ್ತೆ ಆಡಿಸಿದ 2013ರ ಚಿತ್ರ. 1982ರಲ್ಲಿ ಕರ್ಕ್‌ನ ಜೀವದ ಗೆಳೆಯ ಸ್ಪಾಕ್ ವಿಕಿರಣದಲ್ಲಿ ಬೆಂದು ಸಾಯುವಾಗ ಗಾಜಿನ ಆಚೆ ಅವನ ಕೈ, ಈಚೆ ಕರ್ಕ್‌ನ ಕೈ. ನಿನ್ನೆಯೂ ಆ ದೃಶ್ಯದಲ್ಲಿ ನಾನು ಮಾತಾಡಲಿಲ್ಲ. ಸ್ಪಾಕ್ ಮುಂದೆ ಬದುಕಿ ಬಂದ, ನಿಜ. ಆದರೆ ಅದಕ್ಕೆ 1984ರ ಇಡೀ ಚಿತ್ರ ಹಿಡಿಯಿತು, ಕರ್ಕ್ ಮಗನನ್ನೂ ನೌಕೆಯನ್ನೂ ಕಳೆದುಕೊಂಡ. 2013ರಲ್ಲಿ ಅದೇ ಗಾಜನ್ನು ತಂದು ನಿಲ್ಲಿಸಿ, ಪಾತ್ರ ಅದಲುಬದಲು ಮಾಡಿ, ಕರ್ಕ್‌ನನ್ನು ಸಾಯಿಸಿ, ಖಾನ್‌ನ ರಕ್ತ ಚುಚ್ಚಿ ಎಬ್ಬಿಸಿ ಕೂರಿಸಿದರು. ಸಾವಿಗೇ ಮದ್ದು ಸಿಕ್ಕಿತು. ಆಮೇಲೆ ಆ ಮದ್ದಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಇದು ಹಣವಿಲ್ಲದ ತಪ್ಪಲ್ಲ; ಕೈತುಂಬ ಹಣವಿದ್ದವರ ಸೋಮಾರಿತನ. ಪ್ರೇಕ್ಷಕನ ದುಃಖವನ್ನು ಕಡ ತಂದು, ಹತ್ತು ನಿಮಿಷದಲ್ಲಿ ಸುಳ್ಳು ಮಾಡಿ ಕೈತೊಳೆದುಕೊಳ್ಳುವುದು ನನಗೆ ತಮಾಷೆಯಾಗಿ ಕಾಣುವುದಿಲ್ಲ.

ಇದರ ನಡುವೆಯೇ ಇನ್ನೊಂದಿದೆ. ನೌಕೆಯಲ್ಲಿ ಖಾನ್‌ನ ತಳಿಯವರೇ ಆದ 72 ಮಂದಿ ಶೀತಪೆಟ್ಟಿಗೆಗಳಲ್ಲಿ ಮಲಗಿದ್ದಾರೆ. ಕರ್ಕ್‌ನ ಹೆಣವನ್ನು ಇಡಲು ಡಾಕ್ಟರ್ ಅವರಲ್ಲೊಬ್ಬನನ್ನು ಹೊರಗೆ ತೆಗೆಸುತ್ತಾನೆ. ಸ್ಪಾಕ್ ಅತ್ತ ಖಾನ್‌ನನ್ನು ಜೀವಂತ ಹಿಡಿಯಲು, ಅವನ ರಕ್ತ ತರಲು, ನಗರದ ನೆತ್ತಿಯ ಮೇಲೆ ಗುದ್ದಾಡುತ್ತಿದ್ದಾನೆ. ಇತ್ತ ಡಾಕ್ಟರನ ಕಣ್ಣೆದುರಿಗೇ ಆ ಅತಿಮಾನವ ಮಲಗಿದ್ದಾನೆ. ಅವನ ತೋಳಿಗೊಂದು ಸೂಜಿ ಚುಚ್ಚಿ ನೋಡೋಣ ಎಂದು ಯಾರಿಗೂ ಹೊಳೆಯುವುದಿಲ್ಲ.