ನೊರೆ ಜಾಸ್ತಿ ಆಯ್ತು

ಮದುವೆ ಮನೆಯಲ್ಲಿ ಸಾರಿನ ಬಕೆಟ್ ಹಿಡಿದು ನಾಲ್ಕು ಪಂಕ್ತಿ ಓಡಾಡಿದವನಿಗೆ ಬಿಯರ್ ಹಿಡಿದುಕೊಡೋದು ಯಾವ ಲೆಕ್ಕ? ಗೆಳೆಯ ಫೋನ್ ಮಾಡಿ, ‘ಶನಿವಾರ ನಮ್ಮ ಮೈಕ್ರೋಬ್ರೂವರಿ ಓಪನಿಂಗ್. ಹುಡುಗರು ಸಾಲಲ್ಲ, ಬಂದು ಕೈ ಜೋಡಿಸೋ’ ಎಂದಾಗ ನಾನು ಹೀಗೇ ಅಂದುಕೊಂಡೆ. ಬಿಯರನ್ನು ತಾವೇ ತಯಾರಿಸಿ ಅಲ್ಲೇ ಕುಡಿಸುವ, ಬೆಂಗಳೂರಿಗೆ 2010ರ ಆಸುಪಾಸಿನಲ್ಲಿ ಹಿಡಿದ ಈ ಹುಚ್ಚು ಕೊನೆಗೂ ಕನಕಪುರ ರಸ್ತೆ ತಲುಪಿ ಅವನಿಗೂ ಅಂಟಿತ್ತು. ಅಮ್ಮನಿಗೆ ಮಾತ್ರ ‘ಹೋಟೆಲ್ ಓಪನಿಂಗ್, ಪೂಜೆ ಇದೆ’ ಎಂದೆ. ಸುಳ್ಳೇನಲ್ಲ.

ಪೂಜೆ ಇತ್ತು. ಬೆಳಗ್ಗೆ ಗಣಹೋಮ, ಬಾಗಿಲಲ್ಲಿ ಬೂದುಗುಂಬಳಕಾಯಿ. ಆಳೆತ್ತರದ ಸ್ಟೀಲ್ ಟ್ಯಾಂಕುಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು, ಕುಂಕುಮ ಇಟ್ಟುಕೊಂಡು ಸಾಲಾಗಿ ನಿಂತಿದ್ದವು. ಬೀಗರ ಕಡೆಯವರ ಹಾಗೆ. ಪುರೋಹಿತರು ದೊಡ್ಡ ಹಂಡೆಯನ್ನು ಮೇಲಿಂದ ಕೆಳಗೆ ನೋಡಿ, ‘ಇದರಲ್ಲಿ ಏನು ಕುದಿಸ್ತೀರಿ?’ ಎಂದರು. ಗೆಳೆಯ ಕೈಮುಗಿದು, ‘ಬಾರ್ಲಿ ನೀರು’ ಎಂದ. ಅದೂ ಸುಳ್ಳಲ್ಲ.

ಸಂಜೆ ಆರಕ್ಕೆ ಬಾಗಿಲು ತೆರೆದರು. ಏಳಕ್ಕೆ ಒಳಗೆ ಕಾಲಿಡಲು ಜಾಗ ಇರಲಿಲ್ಲ. ದೀಪಾವಳಿ ಹಿಂದಿನ ರಾತ್ರಿಯ ಮೆಜೆಸ್ಟಿಕ್ ನೆನಪಾಯಿತು. ಬಸ್ ಒಂದು ಇರಲಿಲ್ಲ, ಅಷ್ಟೇ.

ನನಗೆ ಸಿಕ್ಕಿದ್ದು ಎರಡನೇ ನಲ್ಲಿ. ಅದರಲ್ಲಿ ಬರೋದು ಹೆಫೆವೈಜನ್, ಜರ್ಮನಿ ಕಡೆಯ ಗೋಧಿ ಬಿಯರ್. ಬಿಯರ್ ತಯಾರಿಸುವ ಹುಡುಗ ತೋರಿಸಿಕೊಟ್ಟಿದ್ದ: ಗ್ಲಾಸನ್ನು 45 ಡಿಗ್ರಿ ಓರೆ ಹಿಡಿಯಬೇಕು, ನಲ್ಲಿಯನ್ನು ಒಂದೇ ಸಲಕ್ಕೆ ಪೂರ್ತಿ ತೆಗೆಯಬೇಕು, ಮುಕ್ಕಾಲು ತುಂಬಿದ ಮೇಲೆ ನೆಟ್ಟಗೆ ಮಾಡಬೇಕು. ನಾನು ತಲೆಯಾಡಿಸಿದ್ದೆ. ಆದರೆ ಕಾವೇರಿ ನೀರು ವಾರಕ್ಕೆರಡು ದಿನ ಬರುವ ಮನೆಯಲ್ಲಿ ಬೆಳೆದವನು ನಾನು. ನಲ್ಲಿ ಪೂರ್ತಿ ತಿರುಗಿಸಲು ಕೈ ಬರಬೇಕಲ್ಲ? ಅರ್ಧ ತೆಗೆದೆ. ನಲ್ಲಿ ಬುಸ್ ಎಂದಿತು. ಗ್ಲಾಸಿನ ತಳದಲ್ಲಿ ಎರಡು ಚಮಚ ಬಿಯರ್, ಉಳಿದದ್ದೆಲ್ಲ ನೊರೆ. ಸಂದಿಯಲ್ಲಿ ಹಿಂಡಿಸಿಕೊಂಡು ಬಂದರೆ ಒಳಗಿನ ಗ್ಯಾಸ್ ಎಲ್ಲ ಬಿಟ್ಟುಕೊಳ್ಳುತ್ತದಂತೆ. ಇದು ನನಗೆ ತಿಳಿದದ್ದು ಹನ್ನೊಂದನೇ ಗ್ಲಾಸಿನ ಹೊತ್ತಿಗೆ.

ನಿಜ ಹೇಳಬೇಕೆಂದರೆ ಮೊದಲ ಗ್ಲಾಸು ನೋಡಿ ನನಗೆ ಹೆಮ್ಮೆಯೇ ಆಗಿತ್ತು. ಫಿಲ್ಟರ್ ಕಾಫಿಯಲ್ಲಿ ಇಷ್ಟು ನೊರೆ ಬರಿಸಿದ್ದರೆ ಅತ್ತೆ ಮನೆಯಲ್ಲಿ ಹೊಗಳುತ್ತಿದ್ದರು. ಎದುರಿಗಿದ್ದವರು ಗ್ಲಾಸನ್ನು ದೀಪಕ್ಕೆ ಹಿಡಿದು, ‘ಇದ್ರಲ್ಲಿ ಬಿಯರ್ ಎಲ್ಲೈತೆ, ಒಸಿ ತೋರ್ಸಿ’ ಎಂದರು.

ಮಾತು ಮರೆಸಲು ದಾರಿ ಹುಡುಕುತ್ತಿದ್ದಾಗ ಇನ್ನೊಬ್ಬರು ಮೂಸಿ ನೋಡಿ, ‘ಬಾಳೆಹಣ್ಣು ಹಾಕಿದ್ದೀರಾ?’ ಎಂದರು. ಗೊತ್ತಿಲ್ಲ ಎನ್ನೋದು ನಮ್ಮ ವಂಶದಲ್ಲಿ ಇಲ್ಲ. ‘ನಂಜನಗೂಡು ರಸಬಾಳೆ ಸಾರ್’ ಎಂದುಬಿಟ್ಟೆ. ಹತ್ತೇ ನಿಮಿಷ. ಮೂರನೇ ಟೇಬಲ್ಲಿನಿಂದ ಕೂಗು ಬಂತು: ‘ನಂಜನಗೂಡು ಬಿಯರ್ ನಾಲ್ಕು!’ ತಯಾರಿಸಿದ ಹುಡುಗ ಓಡಿ ಬಂದ. ಪಾಪ, ಬೆವರುತ್ತಿದ್ದ. ‘ಸಾರ್, ಅದರಲ್ಲಿ ಬಾಳೆಹಣ್ಣೇ ಇಲ್ಲ. ಹುಳಿ ಬರುವಾಗ ಯೀಸ್ಟೇ ಆ ವಾಸನೆ ಮಾಡುತ್ತೆ. ಆಮೇಲೆ, ದಯವಿಟ್ಟು ನಲ್ಲಿ ಪೂರ್ತಿ ತೆಗೀರಿ.’

ತೆಗೆದೆ. ಬೈಸಿಕೊಂಡ ಸಿಟ್ಟಿಗೆ ಜೋರಾಗಿಯೇ ಎಳೆದೆ. ಗ್ಲಾಸು ಇನ್ನೊಂದು ಕೈಯಲ್ಲಿ ಎಲ್ಲೋ ಇತ್ತು, ನಲ್ಲಿಯ ಕೆಳಗಂತೂ ಇರಲಿಲ್ಲ. ಬಿಯರ್ ಕೆಳಗಿನ ತಟ್ಟೆಗೆ ಬಡಿದು ಎಗರಿ, ಅಂಗಿಯ ಮೂರನೇ ಗುಂಡಿಯಿಂದ ಪ್ಯಾಂಟಿನ ಮಂಡಿಯವರೆಗೆ ಅಭಿಷೇಕ ಮಾಡಿತು. ಜನ ಚಪ್ಪಾಳೆ ತಟ್ಟಿದರು.

‘ಕೆಲಸ ಮುಗಿದ ಮೇಲೆ ನಿಂಗೆ ಎಷ್ಟು ಬೇಕೋ ಅಷ್ಟು’ ಎಂದಿದ್ದ ಗೆಳೆಯ. ಹತ್ತೂವರೆಗೆ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಟ್ಯಾಂಕ್ ಖಾಲಿ. ನಾಲಿಗೆಗೆ ಒಂದು ತೊಟ್ಟೂ ತಾಗಿಸಿರಲಿಲ್ಲ. ಆದರೂ ಆಟೋದವರು ನನ್ನ ಕಡೆ ತಿರುಗಿ ಮೂಸಿ, ‘ವಾಂತಿ ಮಾಡಿದ್ರೆ ಐನೂರು ಎಕ್ಸ್‌ಟ್ರಾ’ ಎಂದು ಮೊದಲೇ ಮಾತಾಡಿಕೊಂಡರು.

ಮನೆ ಬಾಗಿಲು ತೆರೆದ ಅಮ್ಮ ಅಂಗಿ ನೋಡಿದರು. ಹತ್ತಿರ ಬಂದು ಮೂಗು ಅರಳಿಸಿದರು. ನನ್ನ ಎದೆ ಧಸಕ್ಕೆಂದಿತು.

‘ಬಾಳೆಹಣ್ಣಿನ ರಸಾಯನ ಮೈಮೇಲೆ ಚೆಲ್ಲಿಕೊಂಡ್ಯಾ?’

‘ಹೂಂ ಅಮ್ಮ. ಬಡಿಸುವಾಗ.’

‘ಕೆಟ್ಟಿತ್ತೇನೋ, ಹುಳಿ ವಾಸನೆ’ ಎನ್ನುತ್ತಾ ನನ್ನ ಖಾಲಿ ಕೈ ನೋಡಿದರು. ‘ಪ್ರಸಾದ ತರಲಿಲ್ವಾ?’